ಕೊಳೆ ಅಳೆಯುವವರು

ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆಯ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ನಾವು ಉಕ್ಕಿನೊಳಗಿನ ಕೊಳೆ ಅಳೆಯುವವರು. ಅದಕ್ಕೆ ಅಲ್ಲಿ ಇನ್‌ಕ್ಲೂಷನ್ ಅಂತಾರೆ. ತುಂಡು ಕೊಯ್ದು, ಎಮರಿ ಕಾಗದದ ಮೇಲೆ ಉಜ್ಜಿ, ಕನ್ನಡಿ ಹಾಗೆ ಮಾಡಿ, ಮೈಕ್ರೋಸ್ಕೋಪಿನಲ್ಲಿ 100 ಪಟ್ಟು ಹಿಗ್ಗಿಸಿ ನೋಡುತ್ತೇವೆ. ಉದ್ದನೆಯ ಬೂದುಗೆರೆ ಸಲ್ಫೈಡು, ಎ. ಸಾಲುಗಟ್ಟಿದ ಚೂರು ಅಲ್ಯೂಮಿನ, ಬಿ. ಸಿಲಿಕೇಟು, ಸಿ. ದುಂಡು ಚುಕ್ಕೆ ಆಕ್ಸೈಡು, ಡಿ. ಇ 45 ಪಟದ ಪಕ್ಕ ಹೋಲಿಸಿ, ಎಲ್ಲಕ್ಕಿಂತ ಕೆಟ್ಟ ಜಾಗದ ಅಂಕಿ ಬರೆಯಬೇಕು. ಅಂಕಿ ಏರಿದಷ್ಟೂ ಕೊಳೆ ಹೆಚ್ಚು.

ಕೊಳೆಯೇ ಇಲ್ಲದ ಉಕ್ಕನ್ನು ನಾವು ಕಂಡಿಲ್ಲ. ಕರಗಿದ ಉಕ್ಕಿನಿಂದ ಆಮ್ಲಜನಕ ತೆಗೆಯಲೆಂದು ಹಾಕಿದ ಅಲ್ಯೂಮಿನಿಯಮ್ಮೇ ಅಲ್ಯೂಮಿನವಾಗಿ ಉಳಿಯುತ್ತದೆ. ಶುದ್ಧ ಮಾಡಲು ಹೋಗಿ ಹುಟ್ಟಿದ ಕೊಳೆ ಅದು. ಊರಲ್ಲೂ ಹಾಗೇ. ಮಡಿ ಕಾಯಲು ಹೋದವರೇ ಮೈಲಿಗೆ ಹುಟ್ಟಿಸಿದರು; ಹೆಸರು ಮಾತ್ರ ನಮ್ಮ ಕೇರಿಗೆ. ಉಕ್ಕಿಗಾದರೂ ಪಟವಿದೆ. ನಮ್ಮನ್ನು ಯಾವ ಪಟ ಇಟ್ಟು ಅಳೆದರು?

ಒಮ್ಮೆ ಬಿ ಸಾಲಿಗೆ 2.5 ಬರೆದೆವು. 'ಒಂದೂವರೆ ಅಂತ ಹಾಕ್ರಯ್ಯಾ, ಲಾರಿ ಕಾಯ್ತಾ ಇದೆ' ಅಂದರು ಮೇಲಿನವರು. ನಾವು ತಿದ್ದಲಿಲ್ಲ. ಬೇರಿಂಗಿನ ಬಿರುಕು ಶುರುವಾಗೋದೇ ಅಂಥ ಸಾಲಿನಿಂದ. ಚೆಂದದ ಜಾಗ ತೋರಿಸಿ ಪಾಸು ಮಾಡುವ ಕೆಲಸ ನಮ್ಮ ಕೈಲಾಗದು. ಉಕ್ಕಿಗೂ ಆಗದು, ಊರಿಗೂ ಆಗದು.