ಹಾಲುಹಲ್ಲು, ಹಾಲಿನ ಮೇಲೇ ಮುನಿಸು

ಅಟ್ಲಾಂಟಾದ ನಮ್ಮ ಮನೆಯಲ್ಲಿ ಏಳು ತಿಂಗಳ ಮಗಳಿಗೆ ಹಲ್ಲು ಬರತೊಡಗಿದಾಗ, ಫಾರ್ಮುಲಾ ಬಾಟಲಿ ಕಂಡರೆ ಸಾಕು, ಮುಖ ತಿರುಗಿಸಿ ಅಳುತ್ತಿದ್ದಳು. ಎರಡು ರಾತ್ರಿ ನಮಗೆ ನಿದ್ದೆಯಿಲ್ಲ. ಮೈಸೂರಿಗೆ ಫೋನ್ ಮಾಡಿದೆವು. "ಒಸಡು ನೋಯ್ತಿರುತ್ತೆ ಕಣಮ್ಮ, ಚೀಪಿದರೆ ಇನ್ನೂ ನೋವು. ನಾಮಕರಣಕ್ಕೆ ಕೊಟ್ಟ ಒಳಲೆಯಲ್ಲಿ ಕುಡಿಸಿ" ಎಂದರು ಅಜ್ಜಿ.

ಡಾಕ್ಟರೂ ಒಪ್ಪಿದರು: ಸ್ವಲ್ಪ ಸ್ವಲ್ಪವಾಗಿ ಕುಡಿಸಿ, ಒದ್ದೆಯಾಗುವ ಡಯಾಪರ್ ಎಣಿಸಿ, ಕಡಿಮೆಯಾದರೆ ಕರೆತನ್ನಿ. 100.4 ಡಿಗ್ರಿ ಜ್ವರ ಬಂದರೆ ಹಲ್ಲಿನದೆಂದು ಸುಮ್ಮನಿರಬೇಡಿ. ಒಸಡಿಗೆ ಬೆಂಜೋಕೇನ್ ಜೆಲ್ ಬೇಡ. ಎರಡು ವರ್ಷದೊಳಗಿನ ಮಕ್ಕಳಿಗೆ ಅದು ಅಪಾಯವೆಂದು ಎಫ್‌ಡಿಎ 2018ರಲ್ಲಿ ಎಚ್ಚರಿಸಿದೆ. ವರ್ಷ ತುಂಬುವವರೆಗೆ ಜೇನುತುಪ್ಪವೂ ಬೇಡ, ಫಾರ್ಮುಲಾ ಬದಲು ಹಸುವಿನ ಹಾಲೂ ಬೇಡ.

ಫ್ರಿಜ್ಜಿನಲ್ಲಿಟ್ಟ ಒದ್ದೆ ಬಟ್ಟೆಯನ್ನು ಕಚ್ಚಲು ಕೊಟ್ಟೆವು. ನೋವು ತಗ್ಗಿದ ಮೇಲೆ ಒಳಲೆಯಲ್ಲಿ ಗುಟುಕು ಗುಟುಕಾಗಿ ಫಾರ್ಮುಲಾ, ಮಧ್ಯಾಹ್ನ ತೆಳ್ಳಗಿನ ರಾಗಿ ಸರಿ. ಮೂರನೇ ದಿನ ಒಸಡಿನಲ್ಲಿ ಅಕ್ಕಿಕಾಳಿನಂಥ ಬಿಳುಪು ಕಂಡಿತು. ನಾಲ್ಕನೇ ದಿನ ತಾನೇ ಬಾಟಲಿಗೆ ಕೈಚಾಚಿದಳು!

ಮಕ್ಕಳೇ, ನಿಮ್ಮ 20 ಹಾಲುಹಲ್ಲುಗಳಿಗಾಗಿ ನಿಮ್ಮ ಮನೆಯಲ್ಲೂ ಯಾರೋ ಹೀಗೆಯೇ ನಿದ್ದೆಗೆಟ್ಟಿದ್ದಾರೆ. ಇವತ್ತು ಅವರನ್ನು ಆ ಕಥೆ ಕೇಳಿ, ಕನ್ನಡದಲ್ಲೇ!