ಆಗುಂಬೆಯ ಏಳನೆಯ ತಿರುವು

ಉಡುಪಿಯಿಂದ ತೀರ್ಥಹಳ್ಳಿಗೆ ಹೊರಟ ಹೆದ್ದಾರಿಯು ಮಣಿಪಾಲದ ಗುಡ್ಡವನ್ನೇರಿ ಇಳಿದು, ಹಿರಿಯಡಕ, ಪೆರ್ಡೂರುಗಳನ್ನು ಹಿಂದಿಕ್ಕಿ, ಹೆಬ್ರಿಯವರೆಗೆ ಸಂಭಾವಿತ ರಸ್ತೆಯಂತೆಯೇ ನಡೆದುಕೊಳ್ಳುತ್ತದೆ. ಇಕ್ಕೆಲಗಳಲ್ಲಿ ಅಡಿಕೆಯ ತೋಟಗಳು, ಗದ್ದೆಗಳು, ಕೆಂಪು ಹೆಂಚಿನ ಮನೆಗಳು. ಸೋಮೇಶ್ವರವನ್ನು ದಾಟಿದೊಡನೆ ಅದರ ಸ್ವಭಾವ ಬದಲಾಗುತ್ತದೆ. 1974ರಲ್ಲಿ ವನ್ಯಧಾಮವೆಂದು ಘೋಷಿತವಾದ ಕಾಡು ಎರಡು ಕಡೆಗಳಿಂದಲೂ ಒತ್ತಿಕೊಂಡು ಬರುತ್ತದೆ. ಬಿಸಿಲು ಎಲೆಗಳ ಸಂದಿಯಿಂದ ಸೋಸಿ ಬೀಳತೊಡಗುತ್ತದೆ. ಎದುರಿಗೆ ಪಶ್ಚಿಮ ಘಟ್ಟವು ಗೋಡೆಯಂತೆ ನಿಲ್ಲುತ್ತದೆ. ಆ ಗೋಡೆಯನ್ನು ರಸ್ತೆಯು ಹದಿನಾಲ್ಕು ಮುರಿತಿರುವುಗಳಲ್ಲಿ ಹತ್ತಬೇಕು. ಮೇಲೆ, ಸಮುದ್ರ ಮಟ್ಟದಿಂದ ಸುಮಾರು 640 ಮೀಟರ್ ಎತ್ತರದಲ್ಲಿ, ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಸಿಕೊಳ್ಳುವ ಆಗುಂಬೆ.

ಪ್ರಯಾಣಿಕರಿಗೆ ಇದು ರಮಣೀಯ ದಾರಿ. ಎಂಜಿನ್ನಿಗೆ ಇದೊಂದು ಪರೀಕ್ಷೆ. ಬಯಲಿನಲ್ಲಿ ಗಾಡಿಯನ್ನು ಮುಂದಕ್ಕೆ ತಳ್ಳಿದರೆ ಸಾಕಾಗಿತ್ತು. ಇಲ್ಲಿ ಗಾಡಿಯ ಭಾರವನ್ನೂ ಒಳಗೆ ಕುಳಿತವರ ಭಾರವನ್ನೂ ಮೇಲಕ್ಕೆ ಎತ್ತಬೇಕು. ವೇಗ ಕಡಿಮೆಯಾದ್ದರಿಂದ ಮುಂದಿನಿಂದ ನುಗ್ಗುವ ಗಾಳಿ ಕಡಿಮೆ. ಮಧ್ಯಾಹ್ನ ಹೊರಟವರಿಗೆ ಸಮುದ್ರದ ಕಡೆಯ ಗಾಳಿಯು ಬೆನ್ನ ಹಿಂದಿನಿಂದಲೇ ಬೀಸುವುದರಿಂದ ಇರುವ ಗಾಳಿಯೂ ಸಪ್ಪೆ. ಸಾಲದುದಕ್ಕೆ, ಕರಾವಳಿಯಲ್ಲಿ ನೂರು ಡಿಗ್ರಿಗೆ ಕುದಿಯುವ ನೀರು ಆಗುಂಬೆಯ ನೆತ್ತಿಯ ಮೇಲೆ ತೊಂಬತ್ತೆಂಟರ ಸುಮಾರಿಗೇ ಕುದಿಯುತ್ತದೆ. ಎರಡು ಡಿಗ್ರಿಯೇನು ಮಹಾ ಎಂದು ಕೇಳುವವರು ಹಳೆಯ ಕಾರನ್ನು ಸಾಕಿದವರಲ್ಲ.

ಉಡುಪಿಯ ನಿವೃತ್ತ ಮಾಸ್ತರರೊಬ್ಬರು ಅಂಥದೊಂದನ್ನು ಸಾಕಿದ್ದರು. 1978ರ ಅಂಬಾಸಿಡರ್; ಹಿಂದೂಸ್ಥಾನ್ ಮೋಟಾರ್ಸ್‌ನವರು ಬಂಗಾಳದ ಉತ್ತರಪಾರಾದಲ್ಲಿ 1957ರಿಂದ 2014ರವರೆಗೆ ತಯಾರಿಸಿದ, ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ವಂಶದ ಗುಂಡುಬೆನ್ನಿನ ಗಾಡಿ. ಮಾಸ್ತರರ ಮನೆಯಾಕೆಯ ತವರು ತೀರ್ಥಹಳ್ಳಿ. ಪರಶುರಾಮನ ಕೊಡಲಿಯ ರಕ್ತದ ಕಲೆ ತೊಳೆದುಹೋಯಿತೆಂದು ಜನ ನಂಬುವ ತುಂಗೆಯ ರಾಮತೀರ್ಥದಲ್ಲಿ ಪ್ರತಿ ಎಳ್ಳಮಾವಾಸ್ಯೆಗೂ ಸ್ನಾನ, ಜಾತ್ರೆ, ಬಳಿಕ ಅಣ್ಣನ ಮನೆಯಲ್ಲಿ ಊಟ. ಮೂವತ್ತು ವರ್ಷಗಳಿಂದ ನಡೆದುಬಂದ ಪದ್ಧತಿಯಿದು. ಏಳನೆಯ ತಿರುವಿನ ಬಳಿ ಕಾರು ಕುದಿಯುವುದೂ ಹೆಚ್ಚುಕಡಿಮೆ ಅಷ್ಟೇ ಹಳೆಯ ಪದ್ಧತಿ.

ಮೊದಮೊದಲು ಅದೊಂದು ವಿನೋದವಾಗಿತ್ತು. ಬಾನೆಟ್ಟಿನ ಸಂದಿಯಿಂದ ಹಬೆ ಏಳುತ್ತಲೇ ಮಕ್ಕಳು ಕೆಳಗಿಳಿದು ಚಕ್ರಗಳಿಗೆ ಕಲ್ಲು ಕೊಡುತ್ತಿದ್ದರು. ಅಮ್ಮ ಚಹಾದ ಫ್ಲಾಸ್ಕು ತೆರೆಯುತ್ತಿದ್ದರು. ಮಾಸ್ತರರು ತಗಡಿನ ಡಬ್ಬ ಹಿಡಿದು ರಸ್ತೆಯ ಬದಿಗೆ ಇಳಿದುಬರುವ ತೊರೆಯಿಂದ ನೀರು ತುಂಬುತ್ತಿದ್ದರು. ಮಳೆಗಾಲದಲ್ಲಿ ಹೋದರೆ ಆ ನೀರು ಚಹಾದ ಬಣ್ಣದ್ದೇ. ಘಾಟಿಯಲ್ಲಿ ಎಲ್ಲ ಗಾಡಿಗಳೂ ಕುಡಿಯುತ್ತಿದ್ದ ನೀರು ಅದು. ಯಾರೂ ಎರಡನೆಯ ಬಾರಿ ನೋಡುತ್ತಿರಲಿಲ್ಲ.

2021ರಲ್ಲಿ ವಿನೋದ ಮುಗಿಯಿತು. ಆ ವರ್ಷ ಕಾರು ಏಳನೆಯ ತಿರುವಿನಲ್ಲಿ ಒಮ್ಮೆ ಕುದಿಯಿತು, ಎಂಟರಲ್ಲಿ ಮತ್ತೊಮ್ಮೆ, ಒಂಬತ್ತನ್ನು ದಾಟಲೇ ಇಲ್ಲ. ಕತ್ತಲಾಗುವ ಹೊತ್ತಿಗೆ ಅವರು ಹಿಂದಿರುಗಿ ಇಳಿಯಬೇಕಾಯಿತು. ತೀರ್ಥಹಳ್ಳಿಯಲ್ಲಿ ಎಂಬತ್ತಾರು ವರ್ಷದ ಅಣ್ಣ ಎಲೆ ಹಾಕಿಸಿಕೊಂಡು ರಾತ್ರಿಯವರೆಗೆ ಕಾದಿದ್ದರೆಂದು ಮರುದಿನ ತಿಳಿಯಿತು. ಅಮ್ಮ ಏನೂ ಹೇಳಲಿಲ್ಲ. ಮಗನು ಮಾತ್ರ, “ಅಪ್ಪಯ್ಯ, ಇನ್ನು ಇದನ್ನು ಗುಜರಿಗೆ ಕೊಟ್ಟುಬಿಡಿ. ಬರುವ ವರ್ಷ ನನ್ನ ಕಾರಿನಲ್ಲೇ ಹೋಗೋಣ” ಎಂದನು. ಮಾಸ್ತರರು ಒಂದು ವರ್ಷದ ಅವಧಿ ಕೇಳಿದರು.

ಆ ವರ್ಷದಲ್ಲಿ ಕಾರಿಗೆ ಆದ ಚಿಕಿತ್ಸೆಗಳು ಬಹಳ. ಒಬ್ಬರು ರೇಡಿಯೇಟರನ್ನು ಕಳಚಿ ಹೊಸ ಕೋರ್ ಹಾಕಿಸಿದರು. ಇನ್ನೊಬ್ಬರು ನೀರಿನ ಪಂಪನ್ನೂ ಫ್ಯಾನಿನ ಬೆಲ್ಟನ್ನೂ ಬದಲಾಯಿಸಿದರು. ಮೂರನೆಯವರು, ಎಲ್ಲ ಊರುಗಳಲ್ಲಿಯೂ ಸಿಗುವ ಜಾಣರಂತೆ, ಥರ್ಮೋಸ್ಟಾಟನ್ನೇ ಕಿತ್ತು ಮಾಸ್ತರರ ಕೈಗಿತ್ತು “ಇದೇ ಶನಿ” ಎಂದರು. ಕಾರು ಉಡುಪಿಯ ರಥಬೀದಿಯ ಸುತ್ತ ತಣ್ಣಗೆ ತಿರುಗಿತು. ಘಾಟಿಯಲ್ಲಿ ಮೊದಲಿನಂತೆಯೇ ಕುದಿಯಿತು. ಕಾಯಿಲೆ ಯಾವುದೆಂದು ಕೇಳದೆ ಔಷಧ ಕೊಟ್ಟರೆ ಆಗುವುದು ಇಷ್ಟೇ.

ಕೊನೆಗೆ ದೊರೆತವರು ಲಾರಿಗಳ ಕಾಲದಿಂದ ಕೆಲಸ ಮಾಡುತ್ತ ಬಂದಿದ್ದ ಒಬ್ಬ ವೃದ್ಧ ಮೇಸ್ತ್ರಿ. ಅವರು ಬಾನೆಟ್ಟನ್ನು ಎತ್ತುವ ಮೊದಲು ಪ್ರಶ್ನೆಗಳನ್ನು ಕೇಳಿದರು. ನಿಂತಲ್ಲಿ ಕಾಯುತ್ತದೆಯೇ, ಓಡುವಾಗ ಕಾಯುತ್ತದೆಯೇ? ನಿಂತಾಗ ಕಾದು ಓಡಿದಾಗ ತಣಿಯುವುದಾದರೆ ಫ್ಯಾನಿನ ಕಡೆಗೆ ನೋಡಬೇಕು. ಹೊರಟ ಐದೇ ನಿಮಿಷದಲ್ಲಿ ಕುದಿಯುವುದಾದರೆ ಥರ್ಮೋಸ್ಟಾಟು ಮುಚ್ಚಿಕೊಂಡೇ ಇರಬಹುದು. ಎಲ್ಲಿಯೂ ತೊಟ್ಟಿಕ್ಕದೆ ನೀರು ಕಡಿಮೆಯಾಗುತ್ತ, ಹಿಂದಿನ ಕೊಳವೆಯಿಂದ ಬಿಳಿಯ ಹಬೆ ಬರುತ್ತಿದ್ದರೆ ಹೆಡ್ ಗ್ಯಾಸ್ಕೆಟ್ಟನ್ನು ಸಂಶಯಿಸಬೇಕು. ಎಂಜಿನ್ ಆರಿಸಿದ ಮೇಲೆ ಒಂದೆರಡು ನಿಮಿಷ ಗುಳುಗುಳು ಎಂದರೆ ಅದು ರೋಗವೇ ಅಲ್ಲ. ಕಾದ ಕಬ್ಬಿಣವು ನಿಂತ ನೀರಿಗೆ ಶಾಖವನ್ನು ಒಪ್ಪಿಸುವ ರೀತಿ. ಮಾಸ್ತರರ ಉತ್ತರ ಒಂದೇ: ಏರಿನಲ್ಲಿ, ಮೂರು ನಾಲ್ಕು ಕಿಲೋಮೀಟರ್ ಹತ್ತಿದ ಬಳಿಕ. ಮೇಸ್ತ್ರಿ ಕಿಡಿ ಹತ್ತುವ ಕಾಲವನ್ನು ಪರೀಕ್ಷಿಸಿ ಸರಿಯಿದೆಯೆಂದರು, ಥರ್ಮೋಸ್ಟಾಟನ್ನು ಸ್ವಸ್ಥಾನಕ್ಕೆ ಸೇರಿಸಿದರು.

“ಮಾಷ್ಟ್ರೇ, ಇದರ ಜ್ವರ ಉಡುಪಿಯಲ್ಲಿ ಕಾಣುವುದಿಲ್ಲ. ನನ್ನನ್ನು ಘಾಟಿಗೆ ಕರೆದುಕೊಂಡು ಹೋಗಿ.”

ಎಳ್ಳಮಾವಾಸ್ಯೆಗೆ ಇನ್ನು ಎಂಟು ದಿನಗಳಿದ್ದವು. ಡಿಸೆಂಬರಿನ ಒಂದು ಮಧ್ಯಾಹ್ನ ಕಾರು ಸೋಮೇಶ್ವರದಿಂದ ಮೇಲಕ್ಕೆ ಹೊರಟಿತು. ಎರಡನೆಯ ಗೇರು, ಕೆಲವು ತಿರುವುಗಳಲ್ಲಿ ಮೊದಲನೆಯದು. ತಡೆಗೋಡೆಯ ಮೇಲೆ ಕುಳಿತ ಕೋತಿಗಳು ಗಾಡಿಯೊಳಗೆ ತಿಂಡಿಯಿದೆಯೇ ಎಂದು ಇಣುಕಿದವು. ಗಿಡ್ಡ ಬಸ್ಸೊಂದು ಹಾರನ್ನು ಒತ್ತುತ್ತ ಎದುರಿಗೆ ಇಳಿಯಿತು. ನಾಲ್ಕನೆಯ ತಿರುವಿನ ಬಳಿಕ ಉಷ್ಣಮಾಪಕದ ಮುಳ್ಳು ಕದಲಿತು. ಆರನೆಯದರಲ್ಲಿ ಕೆಂಪು ಗೆರೆಯ ಅಂಚಿಗೆ ಬಂತು. ಏಳರಲ್ಲಿ ಮೇಸ್ತ್ರಿ ನಿಲ್ಲಿಸಲು ಹೇಳಿದರು. ಆದರೆ ಎಂಜಿನ್ನನ್ನು ಆರಿಸಗೊಡಲಿಲ್ಲ. ನೀರು ಇನ್ನೂ ಒಳಗಿರುವಾಗ ಆರಿಸಿದರೆ ಪಂಪೂ ನಿಲ್ಲುತ್ತದೆ, ಫ್ಯಾನೂ ನಿಲ್ಲುತ್ತದೆ, ಶಾಖ ಮಾತ್ರ ಉಳಿಯುತ್ತದೆ. ಮುಚ್ಚಳವನ್ನಂತೂ ಮುಟ್ಟಲಿಲ್ಲ. ಒತ್ತಡದಲ್ಲಿರುವ ನೀರನ್ನು ಒಮ್ಮೆಲೇ ತೆರೆದು ಮುಖ ಸುಟ್ಟುಕೊಂಡವರನ್ನು ಅವರು ಕಂಡಿದ್ದರು. ಕಾದ ಎಂಜಿನ್ನಿಗೆ ತೊರೆಯ ತಣ್ಣೀರು ಸುರಿದು ಎರಕದ ಕಬ್ಬಿಣವನ್ನು ಸೀಳಿಸಿಕೊಂಡವರನ್ನೂ.

ಅವರು ರೇಡಿಯೇಟರಿನ ಮೈಯ ಹತ್ತಿರ ಅಂಗೈ ಹಿಡಿದು ಮೇಲಿನಿಂದ ಕೆಳಕ್ಕೆ ಸರಿಸಿದರು. ಮೇಲೆ ಬಿಸಿ, ಕೆಳಗೆ ಅದಕ್ಕಿಂತ ತಂಪು, ನಡುವೆ ಎಲ್ಲಿಯೂ ಸತ್ತ ಜಾಗವಿಲ್ಲ. ರೇಡಿಯೇಟರು ತನ್ನ ಕೆಲಸ ಮಾಡುತ್ತಿತ್ತು. ಎಂಜಿನ್ನಿನ ವೇಗ ಏರಿಸಿದಾಗ ಕೆಳಗಿನ ರಬ್ಬರು ಹೋಸು ಒಳಕ್ಕೆ ಹೀರಿಕೊಂಡು ಚಪ್ಪಟೆಯಾಗಲಿಲ್ಲ. ಆಮೇಲೆ ಅವರು ಬೆರಳನ್ನು ನೀರಿನಲ್ಲದ್ದಿ ಎಂಜಿನ್ನಿನ ತಲೆಯ ಮುಂಭಾಗಕ್ಕೆ ಒಂದು ಹನಿ ಬಿಟ್ಟರು. ಅದು ನಿಧಾನವಾಗಿ ಹರಡಿ ಆರಿತು. ಹಿಂಭಾಗಕ್ಕೆ, ನಾಲ್ಕನೆಯ ಸಿಲಿಂಡರಿನ ನೇರಕ್ಕೆ, ಇನ್ನೊಂದು ಹನಿ ಬಿಟ್ಟರು. ಅದು ಕಾವಲಿಯ ಮೇಲಿನ ನೀರಿನಂತೆ ಚಟ್ಟೆಂದು ಹಾರಿತು.

ಮೇಸ್ತ್ರಿ ಒಂದೂ ಮಾತಾಡದೆ ಮುಕ್ಕಾಲು ಗಂಟೆ ತಡೆಗೋಡೆಯ ಮೇಲೆ ಕುಳಿತರು. ಎಂಜಿನ್ ತಣಿದ ಬಳಿಕ ಅಡಿಗೆ ಬಾಗಿ ಬ್ಲಾಕಿನ ಹಿಂಬದಿಯಲ್ಲಿರುವ ನೀರು ಬಸಿಯುವ ಹಿತ್ತಾಳೆಯ ನಲ್ಲಿಯನ್ನು ತಿರುವಿದರು. ನೀರು ಬರಬೇಕಾಗಿತ್ತು, ಒಂದು ಹನಿಯೂ ಬರಲಿಲ್ಲ. ತಂತಿಯನ್ನು ಒಳಕ್ಕೆ ಚುಚ್ಚಿ ಎಳೆದರು. ತಂತಿಯ ತುದಿಗೆ ಕೆಮ್ಮಣ್ಣು ಅಂಟಿಕೊಂಡಿತ್ತು.

ಈ ಎಂಜಿನ್ನಿನಲ್ಲಿ ಪಂಪು ಮುಂದಿದೆ; ನೀರು ಅಲ್ಲಿಂದ ಹೊರಟು ಹಿಂದಿನ ಸಿಲಿಂಡರನ್ನು ತಲುಪುವಷ್ಟರಲ್ಲಿ ನಿಧಾನವಾಗುತ್ತದೆ; ನಿಧಾನವಾದ ನೀರು ಹೊಳೆಯ ತಿರುವಿನಲ್ಲಿ ಮಾಡುವುದನ್ನೇ ಇಲ್ಲಿಯೂ ಮಾಡುತ್ತದೆ, ಹೊತ್ತದ್ದನ್ನು ಇಳಿಸುತ್ತದೆ. ಬ್ಲಾಕಿನ ತುಕ್ಕಿನೊಂದಿಗೆ ಮೂವತ್ತು ವರ್ಷಗಳ ಘಾಟಿಯ ಮಣ್ಣು ಅಲ್ಲಿ ಕೆಸರಾಗಿ ಕೂತಿತ್ತು. ಬಯಲಿನಲ್ಲಿ ಉಳಿದ ಕಿಂಡಿಯಷ್ಟು ನೀರೇ ಸಾಕಾಗುತ್ತಿತ್ತು. ಏರಿನಲ್ಲಿ ಆ ಮೂಲೆಯ ನೀರು ಕುದಿದು ಹಬೆಯಾಗಿ, ಮಿಕ್ಕ ನೀರನ್ನೆಲ್ಲ ಹೊರಕ್ಕೆ ತಳ್ಳುತ್ತಿತ್ತು. ಕುದಿದಾಗಲೆಲ್ಲ ಸುರಿದ ತೊರೆಯ ನೀರು ಮುಂದಿನ ಕುದಿತಕ್ಕೆ ಮಣ್ಣನ್ನು ಕೂಡಿಟ್ಟಿತ್ತು.

“ಮೇಸ್ತ್ರಿಗಳೇ, ಹಾಗಾದರೆ ಇದನ್ನು ಹೀಗೆ ಮಾಡಿದವನು ನಾನೇ” ಎಂದರು ಮಾಸ್ತರರು.

“ನೀವು ನೀರು ಕೊಟ್ಟಿರಿ, ಮಾಷ್ಟ್ರೇ. ಬಾಯಾರಿದವರಿಗೆ ಸಿಕ್ಕಿದ್ದನ್ನು ಕೊಡುವುದೇ ಅಲ್ಲವೇ?”

ಕಾರು ಇಳಿಜಾರಿನಲ್ಲಿ ಗೇರಿನ ಮೇಲೆಯೇ ನಿಧಾನವಾಗಿ ಉಡುಪಿಗೆ ಮರಳಿತು. ಬ್ಲಾಕಿನ ಪಕ್ಕದ ತಟ್ಟೆಯಂಥ ಉಕ್ಕಿನ ಮುಚ್ಚಳಗಳನ್ನು ತೆಗೆದು, ತಂತಿಯಿಂದ ಕೆದಕಿ, ಪೈಪಿನಿಂದ ನೀರು ಹಾಯಿಸಿ ಎರಡು ದಿನ ತೊಳೆದಾಗ ಅರ್ಧ ಬಕೆಟ್ಟು ಕೆಸರು ಹೊರಬಂತು. ನಲ್ಲಿಯಿಂದ ಬೀಳುವ ನೀರು ತಿಳಿಯಾದ ಮೇಲೆ ಹೊಸ ಮುಚ್ಚಳಗಳನ್ನು ಬಡಿದು, ಶುದ್ಧ ನೀರಿನೊಂದಿಗೆ ತುಕ್ಕು ತಡೆಯುವ ಕೂಲೆಂಟನ್ನು ತುಂಬಿದರು. ಮಗನು ಬಂದು ಬಕೆಟ್ಟನ್ನು ನೋಡಿದನು. ಗುಜರಿಯ ಮಾತನ್ನು ಎತ್ತಲಿಲ್ಲ. ಆದರೂ ತನ್ನ ಕಾರಿಗೆ ಪೆಟ್ರೋಲು ತುಂಬಿಸಿ ಇಟ್ಟುಕೊಂಡಿದ್ದನೆಂಬುದು ಆಮೇಲೆ ಗೊತ್ತಾಯಿತು.

2022ರ ಡಿಸೆಂಬರ್ 22. ಮರುದಿನ ಎಳ್ಳಮಾವಾಸ್ಯೆ. ಅಂಬಾಸಿಡರು ನಾಲ್ಕು ಜನರನ್ನೂ ಒಂದು ಬುಟ್ಟಿ ಮಲ್ಲಿಗೆಯನ್ನೂ ಹೊತ್ತು ಘಾಟಿಯನ್ನು ಹತ್ತಿತು. ನಾಲ್ಕು, ಐದು, ಆರು. ಮುಳ್ಳು ನಡುಗೆರೆಯಿಂದ ಕೊಂಚ ಮೇಲೆದ್ದು ಅಲ್ಲಿಯೇ ನಿಂತಿತು. ಯಾರೂ ಮಾತಾಡುತ್ತಿರಲಿಲ್ಲ. ಏಳನೆಯ ತಿರುವು ಬಂತು. ಕಾರು ಅದನ್ನು ಗಮನಿಸದಂತೆ ದಾಟಿಯೇಬಿಟ್ಟಿತು.

“ಅಯ್ಯೋ, ನಿಲ್ಲಿಸಿ!” ಎಂದರು ಹಿಂದಿನಿಂದ ಅಮ್ಮ.

ಮಾಸ್ತರರು ಗಾಬರಿಯಿಂದ ಬ್ರೇಕು ಒತ್ತಿದರು. ಮಗನು ಇಳಿದು ಬಾನೆಟ್ಟಿನ ಕಡೆಗೆ ಓಡಿದನು. ಹಬೆಯಿರಲಿಲ್ಲ, ವಾಸನೆಯಿರಲಿಲ್ಲ. ಅಮ್ಮ ಆಗಲೇ ಫ್ಲಾಸ್ಕನ್ನು ಹಿಡಿದುಕೊಂಡು ತೊರೆಯ ಕಡೆಗೆ ನಡೆಯತೊಡಗಿದ್ದರು.

“ಮೂವತ್ತು ವರ್ಷ ಇಲ್ಲಿಯೇ ಚಹಾ ಕುಡಿದಿದ್ದೇವೆ” ಎಂದರು. “ಚಕ್ರಕ್ಕೆ ಕಲ್ಲು ಕೊಡು, ಮಗಾ.”