ಒತ್ತಕ್ಷರ ಕಾಣೆಯಾದ ದಿನ



ಕಳೆದ ಬೇಸಗೆ ರಜೆಯಲ್ಲಿ ಮಗಳನ್ನು ಕನ್ನಡ ಮಾಧ್ಯಮದಿಂದ ಬಿಡಿಸಿ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಲು ನಾನು ಬಹುತೇಕ ನಿರ್ಧರಿಸಿದ್ದೆ. ಆಕೆಗೆ ಜಾಲಪುಟ ರಚನೆಯಲ್ಲಿ ಅಪಾರ ಆಸಕ್ತಿ. "ಕಂಪ್ಯೂಟರ್ ಕಲಿಯುವವಳಿಗೆ ಕನ್ನಡವೇಕೆ?" ಎಂದು ಬಂಧುಗಳು ಕೇಳಿದಾಗ ನಾನು ನಿರುತ್ತರನಾಗಿದ್ದೆ. ಕಾಸರಗೋಡಿನ ಕನ್ನಡ ಮನೆಗಳಲ್ಲಿ ಈ ಪ್ರಶ್ನೆ ಹೊಸತಲ್ಲವೆಂಬುದನ್ನು ನೀವೂ ಬಲ್ಲಿರಿ.

ಅದೇ ರಜೆಯಲ್ಲಿ ಆಕೆ ತಮ್ಮನಿಗಾಗಿ ಒಂದು ರಸಪ್ರಶ್ನೆಯ ಪುಟವನ್ನು ಸಿದ್ಧಪಡಿಸಿದಳು. 'ಉತ್ತರ ನೋಡಿ' ಎಂಬ ಗುಂಡಿಯನ್ನು ಒತ್ತಿದರೆ ಪುಟವು ಮರಳಿ ತೆರೆಯದೆಯೇ ಉತ್ತರ ಮೂಡುತ್ತಿತ್ತು. ಇದು 1995ರಲ್ಲಿ ಹುಟ್ಟಿದ ಜಾವಾಸ್ಕ್ರಿಪ್ಟ್‌ನ ಕೆಲಸ. ನನ್ನ ಮೊಬೈಲಿನ ಕ್ರೋಮ್‌ನಲ್ಲಿ ಎಲ್ಲವೂ ಸರಿಯಿತ್ತು. ಮನೆಯ ಹಳೆಯ ಲಿನಕ್ಸ್ ಕಂಪ್ಯೂಟರಿನ ಫೈರ್‌ಫಾಕ್ಸ್‌ನಲ್ಲಿ ತೆರೆದಾಗ ತಮ್ಮ ಗಟ್ಟಿಯಾಗಿ ಓದಿ ನಕ್ಕ: "ಉತರ ನೋಡಿ!"

ತಕಾರದ ಒತ್ತು ಕಾಣೆಯಾಗಿತ್ತು. ಮಗಳು ಎರಡು ದಿನ ಹುಡುಕಿದಳು. ಬ್ರೌಸರ್ ಯಾವ ದೋಷವನ್ನೂ ಸೂಚಿಸಲಿಲ್ಲ, ಏಕೆಂದರೆ ಅದರ ಲೆಕ್ಕದಲ್ಲಿ ತಪ್ಪೇ ಇರಲಿಲ್ಲ. ಕೊನೆಗೆ ಕಾರಣ ತಿಳಿಯಿತು. ಗುಂಡಿಯ ಎತ್ತರವನ್ನು ಆಕೆ ಬಿಗಿಯಾಗಿ ನಿಗದಿಪಡಿಸಿ, ಹೊರಚಾಚಿದ್ದನ್ನು ಮರೆಮಾಡುವಂತೆ ಬರೆದಿದ್ದಳು. ಎರಡು ಯಂತ್ರಗಳಲ್ಲಿದ್ದ ಕನ್ನಡ ಫಾಂಟುಗಳು ಬೇರೆ ಬೇರೆ; ಒಂದರಲ್ಲಿ ಒತ್ತು ಹೆಚ್ಚು ಕೆಳಗಿಳಿಯುತ್ತಿತ್ತು, ಆದುದರಿಂದ ಕತ್ತರಿಸಿಹೋಗಿತ್ತು. ಆಕೆ ನೋಡಿದ ಇಂಗ್ಲಿಷ್ ಪಾಠಗಳಲ್ಲಿ ಪುಟವನ್ನು ಹಲವು ಬ್ರೌಸರುಗಳಲ್ಲಿ ಪರೀಕ್ಷಿಸಬೇಕೆಂಬ ಮಾತಿತ್ತು, ಒತ್ತಕ್ಷರದ ಮಾತಿರಲಿಲ್ಲ.

ಆಕೆ ನಿಗದಿತ ಎತ್ತರವನ್ನು ತೆಗೆದು, ಅಕ್ಷರದ ಮೇಲೆ ಕೆಳಗೆ ಜಾಗ ಬಿಟ್ಟು, ಸಾಲಿನ ಅಂತರವನ್ನು ಹೆಚ್ಚಿಸಿದಳು. ಪುಟದ ಭಾಷೆ ಕನ್ನಡವೆಂದು ಬ್ರೌಸರಿಗೆ ತಿಳಿಸುವ 'ಕೆಎನ್' ಎಂಬ ಸಂಕೇತವನ್ನೂ ಆರಂಭದಲ್ಲಿ ಸೇರಿಸಿದಳು. ಬಳಿಕ ಎರಡೂ ಕಡೆ ಪುಟ ತೆರೆದು ತಮ್ಮನಿಂದ ಓದಿಸಿದಳು.

ಅಂದು ನನಗೆ ಉತ್ತರ ದೊರೆಯಿತು. ಕನ್ನಡ ಓದಲು ಬಾರದ ನಿಪುಣನೊಬ್ಬ ಆ ಪುಟವನ್ನು ಹತ್ತು ಬ್ರೌಸರುಗಳಲ್ಲಿ ಪರೀಕ್ಷಿಸಿದರೂ ಆ ತಪ್ಪು ಅವನ ಕಣ್ಣಿಗೆ ಬೀಳುತ್ತಿರಲಿಲ್ಲ. ಸಂಕೇತಗಳೆಲ್ಲ ಇಂಗ್ಲಿಷಿನಲ್ಲಿವೆ, ಇಂಗ್ಲಿಷನ್ನು ಚೆನ್ನಾಗಿ ಕಲಿಯಲೇಬೇಕು; ಇದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನಮ್ಮ ಮಕ್ಕಳೂ ಕನ್ನಡ ಓದಲಾರದವರಾದರೆ, 1956ರಿಂದ ಕೇರಳದ ಅಂಚಿನಲ್ಲಿ ಉಳಿದ ಈ ನೆಲದಲ್ಲಿ ಕಾಣೆಯಾದ ಒತ್ತುಗಳನ್ನು ಹುಡುಕುವವರು ಯಾರು?

ಮಗಳು ಕನ್ನಡ ಮಾಧ್ಯಮದಲ್ಲಿಯೇ ಮುಂದುವರಿದಿದ್ದಾಳೆ. ಐಸಿಟಿ ಪಠ್ಯಪುಸ್ತಕವೂ ಕನ್ನಡದಲ್ಲಿ ದೊರೆಯುತ್ತದೆ. ನಿಮ್ಮಲ್ಲಿ ನನ್ನದೊಂದು ವಿನಂತಿ: ಮಾಧ್ಯಮ ಬದಲಿಸುವ ಮುನ್ನ ಮಕ್ಕಳಿಂದ ಒಂದು ಕನ್ನಡ ಪುಟ ಮಾಡಿಸಿರಿ. ಅದನ್ನು ಎರಡು ಬ್ರೌಸರುಗಳಲ್ಲಿ ತೆರೆದು, ಪಕ್ಕದಲ್ಲಿ ಕುಳಿತು ಗಟ್ಟಿಯಾಗಿ ಓದಿರಿ.